ಬಡಾವಣೆಯ ಪಾರ್ಕು ಸರಿ ಮಾಡಿಸಬೇಕಾ? ಕಾಗದ ಹುಡುಕುವುದರಿಂದ ಕೀಲಿಕೈ ತನಕ

"ನಮ್ಮ ಪಾರ್ಕು ಹಾಳಾಗಿ ಬಿದ್ದಿದೆ. ಯಾರ ಹತ್ತಿರ ಹೋಗಬೇಕು? ಏನಂತ ಬರೆದು ಕೊಡಬೇಕು?" ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಮೂರು ಸಲವಾದರೂ ಬರುತ್ತದೆ. ಬೆಂಗಳೂರಿನಿಂದ ಬರುತ್ತದೆ, ಮೈಸೂರಿನಿಂದ ಬರುತ್ತದೆ, ಹುಬ್ಬಳ್ಳಿಯಿಂದಲೂ ಬರುತ್ತದೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು, ನಾನಿರುವುದು ಇಲ್ಲೇ. ಆದರೆ ಕೆಲಸದ ಕ್ರಮ ರಾಜ್ಯದ ಯಾವ ಊರಿನಲ್ಲಾದರೂ ಹೆಚ್ಚುಕಡಿಮೆ ಇದೇ.

ಮೊದಲೇ ಒಂದು ಮಾತು. ಪಾರ್ಕು ಎಂದ ಕೂಡಲೇ ನಮ್ಮ ತಲೆಗೆ ಬರುವುದು ಸಾಮಾನುಗಳು: ಓಪನ್ ಜಿಮ್, ಕಾರಂಜಿ, ಬಣ್ಣದ ಟೈಲ್ಸ್, ಸೆಲ್ಫಿ ಪಾಯಿಂಟ್. ಅಲ್ಲಿಂದ ಶುರು ಮಾಡಬೇಡಿ. ಪಾರ್ಕಿಗೆ ಈಗ ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ, ಮಾಡಿದ್ದನ್ನು ನಾಳೆ ಯಾರು ನೋಡಿಕೊಳ್ಳುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಏನು ಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ ಏನೇನು ಬೇಕು

ಐದಾರು ಜನ ಸಾಕು. ಆದರೆ ಐದಾರೂ ಜನ ಬೆಳಗಿನ ವಾಕಿಂಗ್ ಗುಂಪಿನವರೇ ಆಗಬಾರದು. ಚಿಕ್ಕ ಮಗು ಇರುವ ತಾಯಿ ಒಬ್ಬರು, ಕೋಲು ಹಿಡಿದು ನಡೆಯುವ ಹಿರಿಯರು ಒಬ್ಬರು, ಆಟ ಆಡುವ ವಯಸ್ಸಿನ ಹುಡುಗ ಅಥವಾ ಹುಡುಗಿ ಒಬ್ಬರು, ಪಾರ್ಕಿನ ಮಾಲಿ, ಎದುರಿನ ಗಾಡಿಯವರು. ಇಂಥವರು ಇರಲಿ. ಒಂದು ನೋಟ್‌ಬುಕ್, 30 ಮೀಟರಿನ ಟೇಪು, ಫೋಟೋ ತೆಗೆಯಲು ಮೊಬೈಲು ಇಟ್ಟುಕೊಳ್ಳಿ.

ಸಮಯ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ನಗರ ಪಾಲಿಕೆಗಳ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ. ನಿಮ್ಮ ಬೇಡಿಕೆ ಅಷ್ಟರೊಳಗೆ ಅಂದಾಜು ಪಟ್ಟಿಯ ಸಮೇತ ಕಚೇರಿಯಲ್ಲಿ ಕೂತಿರಬೇಕು. ಏಪ್ರಿಲ್‌ನಲ್ಲಿ ಮನವಿ ಹಿಡಿದು ಹೋದರೆ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ, ಅದು ನಿಜವೂ ಹೌದು. ಹಾಗಾಗಿ ಮಳೆಗಾಲದಲ್ಲಿ ಕೆಲಸ ಶುರು ಮಾಡಿ, ಡಿಸೆಂಬರ್ ಒಳಗೆ ಕಾಗದ ಕೊಡಿ.

ಹಂತ 1: ಜಾಗ ಯಾರ ಹೆಸರಲ್ಲಿದೆ, ಗೊತ್ತು ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರು ಆರು ತಿಂಗಳ ಮೇಲೆ ಇಲ್ಲಿಗೇ ವಾಪಸ್ ಬರುತ್ತಾರೆ. ಬೇಲಿ ಹಾಕಿ ನಾಲ್ಕು ಬೆಂಚು ಇಟ್ಟ ಮಾತ್ರಕ್ಕೆ ಅದು ಕಾಗದದಲ್ಲೂ ಪಾರ್ಕು ಅಂತ ಹೇಳಲಾಗದು.

ನಿಮಗೆ ಬೇಕಾದ್ದು ಬಡಾವಣೆಯ ಅನುಮೋದಿತ ನಕ್ಷೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆಯಾದರೆ ಬಿಡಿಎಯಲ್ಲಿ, ಬೇರೆ ಊರುಗಳಲ್ಲಿ ಆಯಾ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಸಿಗುತ್ತದೆ. ನಕ್ಷೆಯಲ್ಲಿ 'ಉದ್ಯಾನ' ಎಂದಿದೆಯಾ, 'ಆಟದ ಮೈದಾನ' ಎಂದಿದೆಯಾ, 'ಸಿಎ ನಿವೇಶನ' ಎಂದಿದೆಯಾ ನೋಡಿ. ಸಿಎ ನಿವೇಶನ ಅಂದರೆ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ. ಅಲ್ಲಿ ಶಾಲೆ, ಆಸ್ಪತ್ರೆ, ಸಮುದಾಯ ಭವನ ಏನು ಬೇಕಾದರೂ ಬರಬಹುದು. ನೀವು ಇಪ್ಪತ್ತು ವರ್ಷ ವಾಕ್ ಮಾಡಿದ ಜಾಗ ಸಿಎ ನಿವೇಶನವಾಗಿದ್ದರೆ, ಒಂದು ದಿನ ಯಾರಿಗೋ ಮಂಜೂರಾಗಿ ಜೆಸಿಬಿ ಬಂದು ನಿಲ್ಲಬಹುದು.

ಪಾರ್ಕು ಎಂದೇ ಇದ್ದರೆ ಕಾನೂನು ನಿಮ್ಮ ಪರ ಗಟ್ಟಿಯಾಗಿದೆ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಇಂಥ ಜಾಗಗಳನ್ನು ಕಾಪಾಡುವುದಕ್ಕೆಂದೇ ಬಂದದ್ದು. 1976ರ ಬಿಡಿಎ ಕಾಯ್ದೆಯ 38ಎ ಕಲಮಿನ ಪ್ರಕಾರ, ಪಾರ್ಕಿಗೆ, ಮೈದಾನಕ್ಕೆ ಮೀಸಲಿಟ್ಟ ಜಾಗವನ್ನು ಬಿಡಿಎ ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಕೊಟ್ಟರೂ ಅದು ಊರ್ಜಿತವಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಮುದ್ದಪ್ಪ ಪ್ರಕರಣ ಎಂದು ವಕೀಲರು ಇವತ್ತಿಗೂ ಹೇಳುವುದು ಇದನ್ನೇ. ನಿಮ್ಮ ಫೈಲಿನಲ್ಲಿ ಇದರ ಒಂದು ಪ್ರತಿ ಇರಲಿ.

ಖಾಸಗಿ ಬಡಾವಣೆಯಲ್ಲಿ ಇನ್ನೊಂದು ಗಂಟು ಇದೆ. ಬಡಾವಣೆ ಮಾಡಿದವರು ಪಾರ್ಕನ್ನು ಪ್ರಾಧಿಕಾರಕ್ಕೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು, ಪ್ರಾಧಿಕಾರ ಅದನ್ನು ಪಾಲಿಕೆಗೆ ಹಸ್ತಾಂತರಿಸಬೇಕು. ಹಸ್ತಾಂತರ ಆಗಿಲ್ಲದಿದ್ದರೆ ಪಾಲಿಕೆ ಅಲ್ಲಿ ಒಂದು ರೂಪಾಯಿಯನ್ನೂ ಖರ್ಚು ಮಾಡಲು ಹಿಂಜರಿಯುತ್ತದೆ. ಎಷ್ಟೋ ಕಡೆ ಪಾರ್ಕು ಹಾಳಾಗಿರಲು ನಿಜವಾದ ಕಾರಣ ಇದೇ. ಇಂಥ ಕಡೆ ಬೆಂಚಿಗಾಗಿ ಮನವಿ ಕೊಡಬೇಡಿ, ಹಸ್ತಾಂತರಕ್ಕಾಗಿ ಕೊಡಿ.

ಕಾಗದ ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹೀಗೆ ಬರೆಯಿರಿ:

"… ಬಡಾವಣೆಯ … ಅಡ್ಡರಸ್ತೆಯಲ್ಲಿರುವ ಉದ್ಯಾನಕ್ಕೆ ಸಂಬಂಧಿಸಿದ ಈ ದಾಖಲೆಗಳ ಪ್ರತಿ ಕೊಡಿ: ಅನುಮೋದಿತ ಬಡಾವಣೆ ನಕ್ಷೆ, ಹಸ್ತಾಂತರ ಪತ್ರ, ಕಳೆದ ಮೂರು ವರ್ಷಗಳಲ್ಲಿ ಇದರ ನಿರ್ವಹಣೆಗೆ ಕೊಟ್ಟ ಕಾರ್ಯಾದೇಶಗಳು, ಪಾವತಿಸಿದ ಬಿಲ್ಲುಗಳು."

"ಯಾಕೆ ಹಾಳಾಗಿದೆ?" ಎಂದು ಕೇಳಬೇಡಿ. ಕಾರಣ ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿದರೆ ಬರುತ್ತದೆ.

ಯಾರ ಬಾಗಿಲು ತಟ್ಟಬೇಕು ಎನ್ನುವುದರಲ್ಲೂ ಜನ ಎಡವುತ್ತಾರೆ. ಲಾಲ್‌ಬಾಗ್, ಕಬ್ಬನ್ ಪಾರ್ಕು ರಾಜ್ಯ ತೋಟಗಾರಿಕೆ ಇಲಾಖೆಯವು. ಬಡಾವಣೆಗಳ ಪಾರ್ಕು ಪಾಲಿಕೆಯ ತೋಟಗಾರಿಕೆ ವಿಭಾಗದ್ದು. ಎರಡರಲ್ಲೂ 'ತೋಟಗಾರಿಕೆ' ಎಂದಿರುವುದರಿಂದ ಅರ್ಜಿ ತಪ್ಪು ಕಚೇರಿಗೆ ಹೋಗುತ್ತದೆ. ಬೆಂಗಳೂರಿನವರು ಇನ್ನೊಂದು ಗಮನಿಸಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಹಳೆಯ ಲೆಟರ್‌ಹೆಡ್ ನೋಡಿ ವಿಳಾಸ ಬರೆಯಬೇಡಿ. ನಿಮ್ಮ ಪಾರ್ಕು ಯಾವ ಪಾಲಿಕೆಯ ಯಾವ ವಲಯಕ್ಕೆ ಬಂತು ಎಂದು ಮೊದಲು ಕೇಳಿಕೊಳ್ಳಿ.

ಹಂತ 2: ಒಂದು ವಾರ ಸುಮ್ನೆ ಕೂತು ಎಣಿಸಿ

ಇದು ಎಲ್ಲಕ್ಕಿಂತ ಅಗ್ಗದ ಹಂತ, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಆದರೂ ಇದನ್ನು ಮಾಡುವವರು ತುಂಬ ಕಡಿಮೆ.

ದಿನಕ್ಕೆ ನಾಲ್ಕು ಹೊತ್ತು: ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಒಂದು, ಸಂಜೆ ಐದು, ರಾತ್ರಿ ಎಂಟು. ಪ್ರತಿ ಸಲ ಅರ್ಧ ಗಂಟೆ. ನೋಟ್‌ಬುಕ್ಕಿನಲ್ಲಿ ಆರು ಕಾಲಂ ಗೆರೆ ಎಳೆಯಿರಿ: ಐದು ವರ್ಷದೊಳಗಿನ ಮಕ್ಕಳು, ಐದರಿಂದ ಹನ್ನೆರಡು, ಹದಿಹರೆಯದ ಹುಡುಗರು, ಹದಿಹರೆಯದ ಹುಡುಗಿಯರು, ದೊಡ್ಡವರು, ಹಿರಿಯರು. ಒಬ್ಬರು ಬಂದರೆ ಒಂದು ಗೀಟು. ಯಾರು ಎಲ್ಲಿ ಕೂರುತ್ತಾರೆ, ಎಲ್ಲಿ ಎರಡು ನಿಮಿಷ ನಿಂತು ವಾಪಸ್ ಹೋಗುತ್ತಾರೆ ಎನ್ನುವುದನ್ನು ಪಕ್ಕದಲ್ಲಿ ಬರೆಯಿರಿ.

ನಮ್ಮ ಪಾರ್ಕಿನಲ್ಲಿ ಇದನ್ನು ಮಾಡಿದಾಗ ಹದಿಹರೆಯದ ಹುಡುಗಿಯರ ಕಾಲಂ ಏಳೂ ದಿನ ಹೆಚ್ಚುಕಡಿಮೆ ಖಾಲಿ ಉಳಿಯಿತು. ಸಂಜೆ ಇಬ್ಬರು ಹುಡುಗಿಯರು ಶಟಲ್ ಬ್ಯಾಟ್ ಹಿಡಿದು ಗೇಟಿನ ತನಕ ಬರುತ್ತಿದ್ದರು. ಒಳಗೆ ಇಣುಕುತ್ತಿದ್ದರು. ಇದ್ದ ಒಂದೇ ಬಯಲಿನಲ್ಲಿ ಹುಡುಗರ ಕ್ರಿಕೆಟ್ ನಡೆಯುತ್ತಿತ್ತು. ಅವರಿಬ್ಬರೂ ಹೊರಗೆ ರಸ್ತೆಯಲ್ಲೇ, ನಿಂತ ಎರಡು ಕಾರುಗಳ ನಡುವೆ ಆಡಿ ಮನೆಗೆ ಹೋಗುತ್ತಿದ್ದರು. ಎಷ್ಟೋ ವರ್ಷದಿಂದ ಆ ಪಾರ್ಕಿನಲ್ಲಿ ದಿನಾ ನಡೆಯುವ ನಮಗೆ ಯಾರಿಗೂ ಇದು ಕಂಡಿರಲಿಲ್ಲ.

ಎಣಿಸುವುದರ ಜೊತೆಗೆ ಒಂದು ಕೈಬರಹದ ನಕ್ಷೆ ಮಾಡಿ. ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ, ಮಳೆ ಬಂದ ಮಾರನೇ ದಿನ ನೀರು ಎಲ್ಲಿ ನಿಂತಿದೆ, ರಾತ್ರಿ ಕತ್ತಲೆ ಎಲ್ಲಿದೆ, ಯಾವ ಬೆಂಚಿನಲ್ಲಿ ಜನ ಕೂರುತ್ತಾರೆ, ಯಾವುದು ಖಾಲಿ ಇರುತ್ತದೆ ಎಂದು ಗುರುತು ಮಾಡಿ. ಈ ಒಂದು ಹಾಳೆ ಮುಂದೆ ಎಂಜಿನಿಯರ್ ಮುಂದೆ ನಿಮ್ಮ ಪರ ಮಾತಾಡುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ ಸುಮಾರು 5,000 ಜನರಿಗೆ ಅರ್ಧ ಹೆಕ್ಟೇರಿನ, ಅಂದರೆ ಒಂದೂಕಾಲು ಎಕರೆಯ ಒಂದು ಪಾರ್ಕು ಇರಬೇಕು. ನಿಮ್ಮ ಕಾಲು ಎಕರೆ ಪಾರ್ಕನ್ನು ಅಷ್ಟೇ ಜನ ನೆಚ್ಚಿಕೊಂಡಿದ್ದರೆ ಎಲ್ಲವನ್ನೂ ಅದರೊಳಗೆ ತುರುಕಲು ಆಗುವುದಿಲ್ಲ. ಹತ್ತಿರದ ಸರ್ಕಾರಿ ಶಾಲೆಯ ಮೈದಾನ ಸಂಜೆ ತೆರೆಸುವುದು ಆಗ ಒಳ್ಳೆಯ ದಾರಿ.

ಹಂತ 3: ಕೇಳಿ, ಆದರೆ "ಏನು ಬೇಕು?" ಎಂದು ಕೇಳಬೇಡಿ

ಏನು ಬೇಕು ಎಂದರೆ ಎಲ್ಲರೂ ಬೇರೆ ಪಾರ್ಕಿನಲ್ಲಿ ನೋಡಿದ್ದನ್ನೇ ಹೇಳುತ್ತಾರೆ. ಅದಕ್ಕೆ ಬದಲು ಹೀಗೆ ಕೇಳಿ: "ಕಳೆದ ವಾರ ಬಂದಿದ್ದಿರಾ? ಬಂದು ಏನು ಮಾಡಿದಿರಿ? ಬರಲಿಲ್ಲ ಅಂದರೆ ಯಾಕೆ?" ಉತ್ತರಗಳು ತೀರ ಸಣ್ಣವಿರುತ್ತವೆ. ಸಂಜೆ ಆರೂವರೆಗೆ ದೀಪ ಹತ್ತುವುದಿಲ್ಲ. ಗೇಟಿನ ಹತ್ತಿರ ನಾಯಿಗಳಿವೆ. ಶೌಚಾಲಯ ಇಲ್ಲ, ಸಕ್ಕರೆ ಕಾಯಿಲೆ ಇರುವವರು ಅರ್ಧ ಗಂಟೆಗಿಂತ ಜಾಸ್ತಿ ಇರಲು ಆಗುವುದಿಲ್ಲ.

ಸಭೆ ಪಾರ್ಕಿನೊಳಗೇ, ಭಾನುವಾರ ಬೆಳಿಗ್ಗೆ ಒಂದು, ಬೇರೊಂದು ದಿನ ಸಂಜೆ ಒಂದು ಮಾಡಿ. ವಾಟ್ಸ್ಯಾಪ್ ಗುಂಪಿನ ಮತದಾನವನ್ನು ನೆಚ್ಚಿಕೊಳ್ಳಬೇಡಿ. ಮಧ್ಯಾಹ್ನ ಮರದಡಿ ಬುತ್ತಿ ಬಿಚ್ಚುವ ಮನೆಗೆಲಸದ ಹೆಂಗಸರು, ಪೌರಕಾರ್ಮಿಕರು, ಡೆಲಿವರಿ ಹುಡುಗರು ಆ ಗುಂಪಿನಲ್ಲಿ ಇರುವುದಿಲ್ಲ. ಮಧ್ಯಾಹ್ನ ಪಾರ್ಕು ಅವರದೇ. ಅವರಿಗೆ ಬೇಕಾಗಿರುವುದು ಕುಡಿಯುವ ನೀರು, ಕೈ ತೊಳೆಯುವ ನಲ್ಲಿ, ನೆರಳು. ಅಷ್ಟು ಸಹ ಕೊಡದ ಪಾರ್ಕನ್ನು ಸಾರ್ವಜನಿಕ ಪಾರ್ಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಜಗಳ ಬರುತ್ತದೆ. ಕ್ರಿಕೆಟ್ ಆಡುವವರು ಮತ್ತು ವಾಕ್ ಮಾಡುವವರ ಜಗಳ ಎಲ್ಲ ಊರಲ್ಲೂ ಇದೆ. "ಆಟ ಆಡಬಾರದು" ಎಂದು ಬೋರ್ಡು ಹಾಕುವುದು ಸುಲಭ, ಆದರೆ ಆ ಮಕ್ಕಳು ಆಮೇಲೆ ರಸ್ತೆಯಲ್ಲೇ ಆಡುವುದು ಅಲ್ವಾ? ಹೊತ್ತು ಹಂಚುವುದು ಒಳ್ಳೆಯದು. ನಮ್ಮಲ್ಲಿ ಬಯಲನ್ನು ವಾರದಲ್ಲಿ ಮೂರು ಸಂಜೆ ಹುಡುಗಿಯರಿಗೂ ಚಿಕ್ಕ ಮಕ್ಕಳಿಗೂ ಎಂದು ಬಿಟ್ಟೆವು. ಮೊದಲ ಎರಡು ವಾರ ತಕರಾರು ಇತ್ತು, ಆಮೇಲೆ ಹೊಂದಿಕೊಂಡಿತು.

ಹಂತ 4: ಪಟ್ಟಿ ಮಾಡಿ. ಮೊದಲು ರಿಪೇರಿ, ಆಮೇಲೆ ಹೊಸದು

ಮೂರು ಕಾಲಂ ಮಾಡಿ: ಇರುವುದನ್ನು ಸರಿಪಡಿಸುವುದು, ಸಣ್ಣದಾಗಿ ಸೇರಿಸುವುದು, ಹೊಸದಾಗಿ ಕಟ್ಟುವುದು. ಮೊದಲ ಕಾಲಂ ತುಂಬುವ ತನಕ ಮೂರನೆಯದನ್ನು ಮುಟ್ಟಬೇಡಿ. ಒಂದೊಂದರಲ್ಲಿ ನೋಡಬೇಕಾದದ್ದು ಏನು ಎಂದು ಹೇಳುತ್ತೇನೆ.

ನೀರು ಮತ್ತು ನೆಲ. ನನ್ನ ಕೇಳಿದರೆ ಪಾರ್ಕಿನ ಯೋಜನೆ ಇಲ್ಲಿಂದಲೇ ಹೊರಡಬೇಕು. ಒಂದು ಎಕರೆ ಅಂದರೆ 4,047 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸಂಜೆ 40 ಮಿಲಿಮೀಟರ್ ಮಳೆ ಸುರಿದರೆ ಒಂದು ಎಕರೆ ಪಾರ್ಕಿನ ಮೇಲೆ ಸುಮಾರು 1.6 ಲಕ್ಷ ಲೀಟರ್ ನೀರು ಬಿದ್ದಿರುತ್ತದೆ. 6,000 ಲೀಟರಿನ ಟ್ಯಾಂಕರಿಗೆ ಲೆಕ್ಕ ಹಾಕಿದರೆ 27 ಲೋಡು. ನೆಲಕ್ಕೆಲ್ಲ ಕಾಂಕ್ರೀಟು, ಟೈಲ್ಸು ಬಡಿದರೆ ಇಷ್ಟೂ ಚರಂಡಿಗೆ ಹೋಗುತ್ತದೆ, ಫೆಬ್ರವರಿಯಲ್ಲಿ ನಾವೇ ಟ್ಯಾಂಕರಿಗೆ ಫೋನು ಮಾಡುತ್ತೇವೆ.

ತಗ್ಗಿನ ಜಾಗದಲ್ಲಿ ಇಂಗುಬಾವಿ ಕೇಳಿ. ಇಂಗುಬಾವಿ ಅಂದರೆ ಸಿಮೆಂಟ್ ಉಂಗುರ ಇಳಿಸಿ, ತಳ ಮುಚ್ಚದೆ ಬಿಟ್ಟ ಬಾವಿ. ಮಳೆನೀರು ಅದರೊಳಗೆ ಇಳಿದು ಭೂಮಿ ಸೇರುತ್ತದೆ. ತಲೆತಲಾಂತರದಿಂದ ಬಾವಿ ತೋಡುವ ಮಣ್ಣುವಡ್ಡರ ಸಮುದಾಯದವರು ಬೆಂಗಳೂರಿನ ಸುತ್ತ ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳು ತೆಗೆದು, ಇಂಗುಬಾವಿ ತೋಡಿದವರೂ ಅವರೇ. ಎಂಜಿನಿಯರ್ ಜೊತೆ ಅವರನ್ನೂ ಒಮ್ಮೆ ಕರೆಸಿ ಜಾಗ ತೋರಿಸಿ.

ಹುಲ್ಲುಹಾಸು ಜಾಸ್ತಿ ನೀರು ಕುಡಿಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಆ ವರ್ಷ ಎಷ್ಟು ಹುಲ್ಲುಹಾಸು ಒಣಗಿತು ಎಂದು ನೋಡಿದವರಿಗೆ ಗೊತ್ತು. ಹತ್ತಿರದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಇದ್ದರೆ ಸಂಸ್ಕರಿಸಿದ ನೀರಿನ ಪೈಪನ್ನು ಯೋಜನೆಯಲ್ಲೇ ಸೇರಿಸಿ.

ಮರ. ಹೊಂಗೆ, ನೇರಳೆ, ಬೇವು, ಸಂಪಿಗೆ, ಅತ್ತಿ, ರಂಜಲು ನಮ್ಮ ಮಣ್ಣಿಗೆ ಒಗ್ಗಿದ ಮರಗಳು, ಒಮ್ಮೆ ಬೇರು ಬಿಟ್ಟರೆ ತಾವೇ ಬದುಕುತ್ತವೆ. ಬೇಗ ಹಸಿರಾಗುತ್ತದೆ ಎಂದು ಸಾಲಾಗಿ ಕೊನೊಕಾರ್ಪಸ್ ಎಂಬ ವಿದೇಶಿ ಗಿಡ ನೆಡಿಸಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಇರುವ ಮರದ ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದೇ ಇರಲಿ. ಮರದ ಬುಡದ ತನಕ ಟೈಲ್ಸ್ ಹಾಕಿದರೆ ಮಳೆನೀರು ಬೇರಿಗೆ ಇಳಿಯುವುದಿಲ್ಲ, ನಾಲ್ಕೈದು ವರ್ಷದಲ್ಲಿ ಬೇರು ಟೈಲ್ಸನ್ನೂ ಎಬ್ಬಿಸುತ್ತದೆ. ಮರ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಪಾರ್ಕಿನ ಒಳಗೆ ಅಂತ ವಿನಾಯಿತಿ ಇಲ್ಲ.

ದಾರಿ. ಅಗಲ 1.8 ಮೀಟರ್ ಇದ್ದರೆ ಎರಡು ಗಾಲಿಕುರ್ಚಿ ಎದುರುಬದುರು ಸಲೀಸಾಗಿ ಹೋಗುತ್ತವೆ. ಇಳಿಜಾರು ಒಂದಕ್ಕೆ ಹನ್ನೆರಡು: 15 ಸೆಂಟಿಮೀಟರ್ ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು. ಗುತ್ತಿಗೆದಾರರು ಇದನ್ನು ಅರ್ಧ ಮೀಟರಿಗೆ ಮುಗಿಸಿಬಿಡುತ್ತಾರೆ, ಅಷ್ಟು ಕಡಿದಾದರೆ ಗಾಲಿಕುರ್ಚಿ ಹಿಂದಕ್ಕೆ ವಾಲುತ್ತದೆ. ಸ್ಕೂಟರ್ ಬರದಿರಲಿ ಎಂದು ಹಾಕುವ ಸುತ್ತುಬಳಸಿನ ಗೇಟು ಗಾಲಿಕುರ್ಚಿಯನ್ನೂ, ಮಗುವಿನ ತಳ್ಳುಗಾಡಿಯನ್ನೂ ಹೊರಗೇ ನಿಲ್ಲಿಸುತ್ತದೆ. ಕಂಬ ನೆಟ್ಟು ನಡುವೆ 90 ಸೆಂಟಿಮೀಟರ್ ಬಿಡಿ. ಸ್ಕೂಟರ್ ನುಗ್ಗಿದರೆ ಅದನ್ನು ತಡೆಯುವುದು ಕಾವಲುಗಾರರ ಕೆಲಸ.

ಮಕ್ಕಳ ಆಟ. ಜೋಕಾಲಿಗಿಂತ ಅದರ ಕೆಳಗಿನ ನೆಲ ಮುಖ್ಯ. ಕಾಂಕ್ರೀಟಿನ ಮೇಲೆ ತೆಳ್ಳನೆ ರಬ್ಬರ್ ಮ್ಯಾಟ್ ಅಂಟಿಸಿದರೆ ನೋಡಲು ಚೆಂದ, ಬಿದ್ದ ಮಗುವಿಗೆ ಉಪಯೋಗವಿಲ್ಲ. 30 ಸೆಂಟಿಮೀಟರ್ ಆಳದ ಮರಳು ಅಗ್ಗ, ಒಳ್ಳೆಯದು, ಆದರೆ ಆಗಾಗ ಜರಡಿ ಹಿಡಿಯಬೇಕು. ಪ್ರತಿ ಆಟದ ಸಾಮಾನಿನ ಸುತ್ತ 1.8 ಮೀಟರ್ ಖಾಲಿ ಬಿಡಿ, ಜೋಕಾಲಿಗೆ ಹಿಂದೆ ಮುಂದೆ ಇನ್ನೂ ಜಾಸ್ತಿ ಬೇಕು. ಲೋಹದ ಜಾರುಬಂಡೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ಬಿಸಿಲಲ್ಲಿ ನಿಲ್ಲಿಸಬೇಡಿ. ಏಪ್ರಿಲ್‌ನ ನಾಲ್ಕು ಗಂಟೆಗೆ ನಿಮ್ಮ ಅಂಗೈ ಇಟ್ಟು ನೋಡಿ, ಗೊತ್ತಾಗುತ್ತದೆ. ಐದು ವರ್ಷದೊಳಗಿನವರಿಗೆ ಬೇರೆ ಜಾಗ, ಅವರನ್ನು ನೋಡಿಕೊಳ್ಳುವವರಿಗೆ ಎದುರಿಗೇ ನೆರಳಿನ ಬೆಂಚು.

ಬೆಳಕು. ಒಂದು ಎತ್ತರದ ಕಂಬದ ದೊಡ್ಡ ದೀಪ ಮರದ ತಲೆಯನ್ನು ಬೆಳಗುತ್ತದೆ, ಕೆಳಗೆ ಕತ್ತಲೆ ಉಳಿಯುತ್ತದೆ. ಕೊಂಬೆಗಳ ಕೆಳಗೆ ಬರುವ ಮೂರು ನಾಲ್ಕು ಮೀಟರಿನ ಕಂಬಗಳನ್ನು ದಾರಿಯುದ್ದಕ್ಕೂ ಕೇಳಿ.

ಓಪನ್ ಜಿಮ್. ಹಾಕಿಸಿ, ತೊಂದರೆಯಿಲ್ಲ. ಜೋಕಾಲಿಯ ಪಕ್ಕ ಮಾತ್ರ ಬೇಡ, ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ.

ಶೌಚಾಲಯ. ನಮ್ಮಲ್ಲಿ ಕಟ್ಟಿದರು. ಕನ್ನಡಿ, ಟೈಲ್ಸು, ಗಾಲಿಕುರ್ಚಿಗೆ ಬೇರೆ ಕೋಣೆ, ಎಲ್ಲ ಇತ್ತು. ಸ್ವಚ್ಛ ಮಾಡುವವರ ಸಂಬಳ ಮಾತ್ರ ಯಾವ ಲೆಕ್ಕದಲ್ಲೂ ಇರಲಿಲ್ಲ. ಮೂರನೇ ತಿಂಗಳಿಗೆ ಬೀಗ ಬಿತ್ತು. ಕಟ್ಟಿಸಲು ಓಡಾಡಿದ ನಾವೇ ಆ ಸಂಬಳದ ಬಗ್ಗೆ ಕೇಳಿರಲಿಲ್ಲ. ಹಾಗಾಗಿ ಹೇಳುತ್ತೇನೆ: ನೋಡಿಕೊಳ್ಳುವವರ ಸಂಬಳ ಬರಹದಲ್ಲಿ ಇಲ್ಲದೆ ಶೌಚಾಲಯಕ್ಕೆ ಒಪ್ಪಬೇಡಿ. ಇದೆ ಎಂದಾದರೆ ಗೇಟಿನ ಹತ್ತಿರ, ಎಲ್ಲರಿಗೂ ಕಾಣುವ ಕಡೆ ಕಟ್ಟಿಸಿ.

ಹಂತ 5: ಅಂದಾಜು ಪಟ್ಟಿ ಮಾಡಿಸಿ

ಇಲ್ಲಿಂದ ಕಚೇರಿಯ ಭಾಷೆ ಶುರು. ಎಸ್ಟಿಮೇಟ್ ಅಂದರೆ ಕೆಲಸದ ಅಂದಾಜು ವೆಚ್ಚ. ಅದನ್ನು ಜೆಇ, ಅಂದರೆ ಕಿರಿಯ ಎಂಜಿನಿಯರ್ ಮಾಡುತ್ತಾರೆ. ಎಸ್.ಆರ್. ಅಂದರೆ ಸರ್ಕಾರಿ ದರಪಟ್ಟಿ, ಒಂದು ಚದರ ಮೀಟರ್ ಕಲ್ಲುಹಾಸಿಗೆ ಇಷ್ಟು ಎಂದು ಅದರಲ್ಲಿರುತ್ತದೆ. ಎಂ.ಬಿ. ಅಂದರೆ ಅಳತೆ ಪುಸ್ತಕ. ನಿಜವಾಗಿ ಎಷ್ಟು ಕೆಲಸ ಆಯಿತು ಎನ್ನುವುದು ಅದರಲ್ಲಿ ದಾಖಲಾಗಿ, ಅದರ ಮೇಲೆ ಬಿಲ್ಲು ಪಾವತಿಯಾಗುತ್ತದೆ.

ಮನವಿಯಲ್ಲಿ "ಪಾರ್ಕನ್ನು ಅಭಿವೃದ್ಧಿಪಡಿಸಿ ಕೊಡಬೇಕಾಗಿ ಕೋರುತ್ತೇವೆ" ಎಂದು ಬರೆದರೆ ಏನು ಬೇಕಾದರೂ ಬರಬಹುದು. ಹೀಗೆ ಬರೆಯಿರಿ: "ಪೂರ್ವದ ಗೇಟಿನಿಂದ ಆಟದ ಜಾಗದವರೆಗಿನ 60 ಮೀಟರ್ ದಾರಿಯಲ್ಲಿ 14 ಕಡೆ ಕಲ್ಲು ಎದ್ದಿದೆ. ಮರಗಳ ಬುಡದಲ್ಲಿ ಒಂದು ಮೀಟರ್ ಮಣ್ಣು ಬಿಟ್ಟು ಮತ್ತೆ ಹಾಸಿಕೊಡಿ. ಫೋಟೋ 3ರಿಂದ 9 ನೋಡಿ." ಜೊತೆಗೆ ನಿಮ್ಮ ಎಣಿಕೆಯ ಹಾಳೆ, ಕೈಬರಹದ ನಕ್ಷೆ ಇಡಿ. ಸ್ವೀಕೃತಿ ಮೊಹರು ಇಲ್ಲದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ.

ಜೆಇ ಅವರನ್ನು ಪಾರ್ಕಿಗೆ ಕರೆದು ಒಂದು ಸುತ್ತು ಜೊತೆಗೆ ನಡೆಯಿರಿ. ಅವರ ಮೇಲೆ ಹತ್ತಾರು ಪಾರ್ಕುಗಳ ಹೊರೆ ಇರುತ್ತದೆ. ಸಿಟ್ಟಿನಿಂದ ಮಾತಾಡುವುದಕ್ಕಿಂತ ಅಳತೆ ತೆಗೆದಿಟ್ಟುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.

ನಿರ್ವಹಣೆಯ ಹಾಳೆಯನ್ನೂ ಈಗಲೇ ಮಾಡಿ. ಮಾಲಿ, ಎರಡು ಪಾಳಿಯ ಕಾವಲು, ಶೌಚಾಲಯ ಸ್ವಚ್ಛತೆ, ವಿದ್ಯುತ್ ಬಿಲ್ಲು, ನೀರು, ಗೊಬ್ಬರ, ಆಟದ ಸಾಮಾನಿನ ನಟ್ಟು ಬೋಲ್ಟು. ವರ್ಷಕ್ಕೆ ಇಷ್ಟು ಎಂದು ಕೂಡಿಸಿ. ಪಾಲಿಕೆಯ ನಿರ್ವಹಣಾ ಗುತ್ತಿಗೆ ಇದನ್ನು ಭರಿಸುವಷ್ಟು ಇಲ್ಲದಿದ್ದರೆ ಯೋಜನೆಯನ್ನೇ ಚಿಕ್ಕದು ಮಾಡಿ. ಕಾರಂಜಿ ತೆಗೆದುಹಾಕಿ, ಮಾಲಿಯನ್ನು ಉಳಿಸಿಕೊಳ್ಳಿ.

ಹಂತ 6: ದುಡ್ಡು ಎಲ್ಲಿಂದ

ಪಾರ್ಕು, ತೋಟ, ಆಟದ ಮೈದಾನ ಒದಗಿಸುವುದು ಸಂವಿಧಾನದ 12ನೇ ಅನುಸೂಚಿಯಲ್ಲೇ ಇದೆ. ನಗರ ಸಂಸ್ಥೆಗಳ ಕೆಲಸ ಎಂದು ಪಟ್ಟಿ ಮಾಡಿದ 18 ವಿಷಯಗಳಲ್ಲಿ ಇದು 12ನೆಯದು. ಆದ್ದರಿಂದ ಮೊದಲು ಕೇಳಬೇಕಾದ್ದು ಪಾಲಿಕೆಯ ಬಜೆಟ್. ವಾರ್ಡ್ ಸಮಿತಿ ಸಭೆ ನಡೆಯುತ್ತಿದ್ದರೆ ಅಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎರಡನೆಯ ದಾರಿ, ವರ್ಷಕ್ಕೆ 2 ಕೋಟಿ ಇರುತ್ತದೆ, ಆದರೆ ಇಡೀ ಕ್ಷೇತ್ರಕ್ಕೆ. ಕಂಪನಿಗಳ ಸಿಎಸ್‌ಆರ್ ಹಣ ಮೂರನೆಯದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಇಲ್ಲಿ ಎಚ್ಚರ: ಕಂಪನಿಗಳಿಗೆ ಉದ್ಘಾಟನೆಯ ದಿನ ಫೋಟೋಕ್ಕೆ ಸಿಗುವ ಕೆಲಸ ಇಷ್ಟ. ಮೂರು ವರ್ಷದ ನಿರ್ವಹಣೆ ಸೇರಿಸಿ ಒಪ್ಪಂದವಾಗಲಿ, ಪಾಲಿಕೆಯ ಸಹಿ ಇರಲಿ. ಹೆಸರಿನ ಫಲಕ ಎಷ್ಟು ದೊಡ್ಡದು ಎನ್ನುವುದನ್ನೂ ಅದರಲ್ಲೇ ಬರೆಯಿರಿ.

ಮನೆಮನೆ ಚಂದಾ ಎತ್ತಿ ಕಟ್ಟಡ ಕಟ್ಟಿಸಬೇಡಿ. ಅನುಮತಿ ಇಲ್ಲದೆ ಸರ್ಕಾರಿ ಜಾಗದಲ್ಲಿ ಕಟ್ಟಿದರೆ ಅದು ಒತ್ತುವರಿ. ಚಂದಾ ಹಣ ಸಸಿ, ಗೊಬ್ಬರ, ಪೊರಕೆಗೆ ಇರಲಿ.

ಹಂತ 7: ಟೆಂಡರ್ ಆದ ಮೇಲೆ ನಿದ್ದೆ ಮಾಡಬೇಡಿ

ಸರ್ಕಾರಿ ಕೆಲಸದ ಟೆಂಡರ್ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತದೆ, ಆನ್‌ಲೈನ್‌ನಲ್ಲಿ ನೋಡಬಹುದು. ಒಂದೇ ಪಾರ್ಕಿನ ಕೆಲಸವನ್ನು ತುಂಡು ತುಂಡಾಗಿ ಸೀಳಿ ಬೇರೆ ಬೇರೆಯವರಿಗೆ ಕೊಟ್ಟಿದ್ದರೆ ಲಿಖಿತವಾಗಿ ಪ್ರಶ್ನಿಸಿ. ಹಾಗೆ ಮಾಡಿದ ಕಡೆ ವಿದ್ಯುತ್ತಿನವರು ಹೊಸ ದಾರಿಯನ್ನು ಅಗೆದು ಹೋಗುತ್ತಾರೆ.

ಕಾರ್ಯಾದೇಶದ ಪ್ರತಿ ತೆಗೆದುಕೊಂಡು ಗೇಟಿಗೆ ಅಂಟಿಸಿ: ಕೆಲಸ, ಮೊತ್ತ, ಮುಗಿಸುವ ದಿನ. ಕೆಲಸ ನಡೆಯುವಾಗ ದಿನಾ ಒಂದು ಫೋಟೋ. ಕಲ್ಲು ಹಾಸುವ ಮುಂಚೆ ಕೆಳಗೆ ಜಲ್ಲಿ, ಮರಳು ಹಾಕಿದ್ದು ಫೋಟೋದಲ್ಲಿ ಇರಲೇಬೇಕು, ಹಾಸಿದ ಮೇಲೆ ಅದು ಕಾಣುವುದಿಲ್ಲ. ಮರದ ಬುಡದಲ್ಲಿ ಸಿಮೆಂಟ್ ಕಲಸುವುದು, ಕಾಂಡಕ್ಕೆ ಮೊಳೆ ಹೊಡೆದು ಬಲ್ಬು ಕಟ್ಟುವುದು ಕಂಡರೆ ಆಗಲೇ ನಿಲ್ಲಿಸಿ.

ಉದ್ಘಾಟನೆಗೆ ಮುಂಚೆ ಗಾಲಿಕುರ್ಚಿ ಬಳಸುವವರೊಬ್ಬರನ್ನು, ಚಿಕ್ಕ ಮಗುವಿನ ತಾಯಿಯೊಬ್ಬರನ್ನು ಕರೆದು ಇಡೀ ಪಾರ್ಕು ಸುತ್ತಿಸಿ. ಎಲ್ಲಿ ನಿಂತರೋ ಅದನ್ನು ಬರೆದು ಜೆಇಗೆ ಕೊಡಿ. ಅಂತಿಮ ಬಿಲ್ಲಿಗೆ ಮುಂಚೆ ಕೊಡುವುದು ಮುಖ್ಯ. ಒಪ್ಪಂದದಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದಿರುತ್ತದೆ. ಅಷ್ಟು ಕಾಲ ಏನು ಕೆಟ್ಟರೂ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿ ಮಾಡಬೇಕು. ಆ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಒಂದು ತಿಂಗಳ ಮೊದಲು ಇಡೀ ಪಾರ್ಕು ಪರಿಶೀಲಿಸಿ.

ಹಂತ 8: ಗೇಟಿನ ಕೀಲಿ ಯಾರ ಹತ್ತಿರ

ಚೆನ್ನಾಗಿ ಸರಿ ಮಾಡಿದ ಪಾರ್ಕಿಗೆ ಬೀಗ ಬೀಳುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹಾಳಾಗದಿರಲಿ ಎನ್ನುವ ಕಾಳಜಿಯಿಂದಲೇ ಹಾಕುತ್ತಾರೆ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಬೀಗ ಹಾಕಿದರೆ ಆ ಬುತ್ತಿ ಬಿಚ್ಚುವವರು ಎಲ್ಲಿ ಕೂರಬೇಕು? ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶವಾಯಿತು. ಅದರ ಪ್ರತಿ ಗೇಟಿನ ಹತ್ತಿರ ಇರಲಿ. ಕೀಲಿ ಕಾವಲುಗಾರರ ಹತ್ತಿರ ಇರಲಿ, ಸಂಘದ ಅಧ್ಯಕ್ಷರ ಮನೆಯಲ್ಲಿ ಬೇಡ.

ಒಂದು ದಿನಚರಿ ಪುಸ್ತಕ ಕಾವಲು ಕೋಣೆಯಲ್ಲಿಡಿ. ತಿಂಗಳ ಮೊದಲ ಭಾನುವಾರ ಇಬ್ಬರು ಸೇರಿ ಸುತ್ತಿ ಬರೆಯಿರಿ: ಜೋಕಾಲಿ ಸರಪಳಿ ಸವೆದಿದೆಯಾ, ದೀಪ ಎಷ್ಟು ಹತ್ತುತ್ತಿಲ್ಲ, ಇಂಗುಬಾವಿಯ ಜಾಲರಿಯಲ್ಲಿ ಎಲೆ ಕಟ್ಟಿದೆಯಾ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸಿ. ದೂರು ಇದ್ದರೆ ಬೆಂಗಳೂರಿನಲ್ಲಿ 1533ಕ್ಕೆ, ರಾಜ್ಯದ ಬೇರೆ ಕಡೆ 1902ಕ್ಕೆ ಹೇಳಿ, ದೂರಿನ ಸಂಖ್ಯೆಯನ್ನು ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ. ಮಾಲಿಗೆ ಸಂಬಳ ಸರಿಯಾಗಿ ಬರುತ್ತಿದೆಯಾ ಎಂದೂ ಕೇಳಿ. ಗುತ್ತಿಗೆ ಕೆಲಸದವರು ತಾವಾಗಿ ಹೇಳುವುದಿಲ್ಲ, ಒಂದು ದಿನ ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೇ.

ಪಾರ್ಕು ತೆರೆದು ಮೂರು ತಿಂಗಳಾದ ಮೇಲೆ ಹಳೆಯ ನೋಟ್‌ಬುಕ್ ತೆಗೆದು, ಅದೇ ನಾಲ್ಕು ಹೊತ್ತು, ಅದೇ ಆರು ಕಾಲಂ, ಇನ್ನೊಂದು ವಾರ ಎಣಿಸಿ. ಮೊದಲು ಖಾಲಿ ಇದ್ದ ಕಾಲಂನಲ್ಲಿ ಈಗ ಎಷ್ಟು ಗೀಟು ಬಿದ್ದಿದೆ ನೋಡಿ. ಇನ್ನೂ ಖಾಲಿ ಇದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ ಕೇಳಿ.